ಪಿಂಪ್ರಿಯ ಪೆನಿಸಿಲಿನ್, ಕೋರ್ಟಿಗೆ ಸಿಗದ ಅತಿಥಿಗಳು

ಸಂತ ತುಕಾರಾಮ ನಗರದ ಮೆಟ್ರೋ ಸ್ಟೇಷನ್ನಿನಿಂದ ಇಳಿದು ಮನೆಗೆ ಹೋಗುವಾಗ ನಾನು ಬೇಕೆಂದೇ ಸುತ್ತುಬಳಸಿ ಎಚ್.ಎ. ಕಾಲೊನಿಯ ಕಡೆಯಿಂದ ನಡೆಯುತ್ತೇನೆ. ದಿನವಿಡೀ ಹಿಂಜವಡಿಯ ಗಾಜಿನ ಕಟ್ಟಡದಲ್ಲಿ ಕೂತ ಕಣ್ಣಿಗೆ ಅಲ್ಲಿನ ಹಳೆಯ ಮರಗಳು ಹಿತ. ಎಚ್.ಎ. ಅಂದರೆ ಹಿಂದೂಸ್ತಾನ್ ಆಂಟಿಬಯಾಟಿಕ್ಸ್. ಹದಿನೈದು ವರ್ಷ ಈ ಹೆಸರನ್ನು ಬಸ್‌ಸ್ಟಾಪಿನ ಹೆಸರಾಗಿಯಷ್ಟೇ ಬಳಸಿದ್ದೆ. ಅದರ ಹಿಂದಿನ ಚರಿತ್ರೆಗೆ ನನ್ನನ್ನು ಎಳೆದದ್ದು ಗದಗ ಕಡೆಯ ಒಬ್ಬ ಹುಡುಗ.

ನಮ್ಮ ಸೊಸೈಟಿಯಲ್ಲೇ ಮೂವರು ಗೆಳೆಯರ ಜೊತೆ ಬಾಡಿಗೆಗಿದ್ದ ಆತ ಒಂದು ಅಂತರರಾಷ್ಟ್ರೀಯ ಸಂಸ್ಥೆಗೆ ಹನ್ನೊಂದು ತಿಂಗಳ ಕರಾರಿನ ಮೇಲೆ ಕನ್ಸಲ್ಟೆಂಟ್ ಆಗಿ ಸೇರಿದ್ದ. ಮನೆಯಿಂದಲೇ ಕೆಲಸ, ಒಳ್ಳೆಯ ಸಂಬಳ, ಊರಲ್ಲಿ ಹೇಳಿಕೊಳ್ಳಲು ದೊಡ್ಡ ಹೆಸರು. ಏಳನೆಯ ತಿಂಗಳಿಗೆ ಕರಾರು ಮುಗಿಸಿದರು. ಕೊನೆಯ ಎರಡು ತಿಂಗಳ ಕೆಲಸ ಒಪ್ಪಿಗೆಯಾಗಿಲ್ಲವೆಂದು ಹಣ ತಡೆದರು. ಒಂದು ಭಾನುವಾರ ಕಾಗದದ ಕಟ್ಟು ಹಿಡಿದು ಬಂದ. "ಅಣ್ಣಾರ, ನೀವು ದಿನಾ ಇಂಥಾ ಕಾಂಟ್ರ್ಯಾಕ್ಟ್ ಓದತೀರಿ. ಇದರಾಗ ಏನೈತಿ, ಎಲ್ಲಿ ಕೇಸ್ ಹಾಕಬೇಕು, ನೋಡಿ ಹೇಳ್ರಿ."

ಓದಿದೆ. ವಿವಾದ ಬಂದರೆ ಮೊದಲು ಮಾತುಕತೆ, ಬಗೆಹರಿಯದಿದ್ದರೆ ಮಧ್ಯಸ್ಥಿಕೆ ಎಂದಿತ್ತು. ಕೊನೆಯಲ್ಲಿ ಒಂದೇ ಒಂದು ವಾಕ್ಯ: ಈ ಕರಾರಿನ ಯಾವ ಮಾತನ್ನೂ ಸಂಸ್ಥೆ ತನ್ನ ವಿಶೇಷಾಧಿಕಾರ ಮತ್ತು ವಿನಾಯಿತಿಗಳನ್ನು ಬಿಟ್ಟುಕೊಟ್ಟಂತೆ ಅರ್ಥೈಸಬಾರದು. ಇಪ್ಪತ್ತು ವರ್ಷದ ನೌಕರಿಯಲ್ಲಿ ದಂಡ, ವಿಳಂಬ, ಗೌಪ್ಯತೆಯ ಷರತ್ತುಗಳನ್ನೆಲ್ಲ ಅರೆದು ಕುಡಿದ ನನಗೆ ಈ ವಾಕ್ಯದ ತೂಕ ತಕ್ಷಣ ತಿಳಿಯಲಿಲ್ಲ. ತಿಳಿದಾಗ ಹುಡುಗನ ಮುಖ ನೋಡುವುದು ಕಷ್ಟವಾಯಿತು. ಪುಣೆಯ ಕೋರ್ಟಿಗಾಗಲಿ ಗದಗಿನ ಕೋರ್ಟಿಗಾಗಲಿ ಈ ಸಂಸ್ಥೆಯನ್ನು ಕರೆತರುವ ದಾರಿಯೇ ಇರಲಿಲ್ಲ.

ಈ ವಾಕ್ಯ ಎಲ್ಲಿಂದ ಬಂತು? ಬೇರು 1945ರ ವಿಶ್ವಸಂಸ್ಥೆಯ ಸನ್ನದಿನಲ್ಲಿದೆ. ಅದರ 105ನೆಯ ವಿಧಿಯ ಪ್ರಕಾರ, ಸಂಸ್ಥೆ ತನ್ನ ಉದ್ದೇಶ ಈಡೇರಿಸಲು ಅಗತ್ಯವಾದಷ್ಟು ವಿನಾಯಿತಿಯನ್ನು ಪ್ರತಿ ಸದಸ್ಯ ದೇಶದಲ್ಲೂ ಪಡೆಯುತ್ತದೆ. ಹಿಂದಿನ ರಾಷ್ಟ್ರಸಂಘ ತನ್ನ ಅಧಿಕಾರಿಗಳಿಗೆ ರಾಯಭಾರಿಗಳ ಸವಲತ್ತನ್ನೇ ಕೊಟ್ಟಿತ್ತು. ಹೊಸ ಸಂಸ್ಥೆ ಅದನ್ನು ಇಳಿಸಿ, ಕೆಲಸಕ್ಕೆ ಬೇಕಾದಷ್ಟು ಮಾತ್ರ ಎಂಬ ಅಳತೆ ತಂದಿತು. ವಿವರಗಳು 1946ರ ಫೆಬ್ರವರಿ 13ರ ಒಡಂಬಡಿಕೆಯಲ್ಲಿವೆ. ಸಂಸ್ಥೆಯ ಆಸ್ತಿ ಎಲ್ಲೇ ಇದ್ದರೂ ಕೋರ್ಟಿನ ಕ್ರಮಕ್ಕೆ ಒಳಪಡದು. ಅಧಿಕೃತ ಬಳಕೆಗೆ ತರಿಸಿದ ಸಾಮಾನಿಗೆ ಆಮದು ಸುಂಕವಿಲ್ಲ. ಅಧಿಕಾರಿಗಳು ಕರ್ತವ್ಯದಲ್ಲಿ ಆಡಿದ, ಬರೆದ, ಮಾಡಿದ ಯಾವುದಕ್ಕೂ ಅವರ ಮೇಲೆ ಮೊಕದ್ದಮೆ ಇಲ್ಲ. ಸಂಬಳಕ್ಕೆ ತೆರಿಗೆ ಇಲ್ಲ. ಪೂರ್ತಿ ರಾಯಭಾರಿ ಮಟ್ಟದ ರಕ್ಷಣೆ ಮಹಾಕಾರ್ಯದರ್ಶಿ ಮತ್ತು ಅವರ ಸಹಾಯಕ ಕಾರ್ಯದರ್ಶಿಗಳಂಥ ಕೆಲವರಿಗಷ್ಟೇ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ರೋಲ್‌ಗೆ ಕೊಟ್ಟ ಆಕ್ಸೆಸ್, ಯೂಸರ್‌ಗೆ ಕೊಟ್ಟದ್ದಲ್ಲ. ಒಡಂಬಡಿಕೆಯ 20ನೆಯ ಸೆಕ್ಷನ್ ಇದನ್ನೇ ಹೇಳುತ್ತದೆ: ಸವಲತ್ತು ಇರುವುದು ಸಂಸ್ಥೆಯ ಹಿತಕ್ಕೆ, ವ್ಯಕ್ತಿಯ ಅನುಕೂಲಕ್ಕಲ್ಲ. ನ್ಯಾಯಕ್ಕೆ ಅಡ್ಡಿಯಾಗುತ್ತದೆ ಅನಿಸಿದರೆ, ಸಂಸ್ಥೆಯ ಹಿತಕ್ಕೆ ಧಕ್ಕೆಯಾಗದಂತೆ ಅದನ್ನು ತೆಗೆದುಹಾಕುವುದು ಮಹಾಕಾರ್ಯದರ್ಶಿಯ ಹಕ್ಕು ಮಾತ್ರವಲ್ಲ, ಕರ್ತವ್ಯ ಕೂಡ. 29ನೆಯ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕರಾರಿನ ವಿವಾದಗಳಿಗೆ ತಕ್ಕ ಪರಿಹಾರದ ದಾರಿಯನ್ನು ಸಂಸ್ಥೆಯೇ ಒದಗಿಸಬೇಕು ಎನ್ನುತ್ತದೆ. ಹುಡುಗನ ಕಾಗದದಲ್ಲಿದ್ದ ಮಧ್ಯಸ್ಥಿಕೆಯ ಮಾತು ಈ ತೆರನ ಹೊಣೆಯ ಕುಡಿ.

ಸ್ವಾತಂತ್ರ್ಯ ಬಂದ ನಾಲ್ಕೇ ತಿಂಗಳಲ್ಲಿ, ದೇಶವಿಭಜನೆಯ ಗಾಯ ಇನ್ನೂ ಹಸಿಯಿದ್ದಾಗ, ದೆಹಲಿಯಲ್ಲಿ ಇದಕ್ಕಾಗಿ ಕಾನೂನು ಮಾಡಿದರು. 1947ರ 46ನೆಯ ಕಾಯ್ದೆ ಆ ಒಡಂಬಡಿಕೆಯನ್ನು ಅನುಸೂಚಿಯಾಗಿ ಸೇರಿಸಿಕೊಂಡು ನೆಲದ ಕಾನೂನಾಗಿಸಿತು. ಭಾರತ ಒಡಂಬಡಿಕೆಗೆ ಸೇರಿದ್ದು ಆಮೇಲೆ, 1948ರ ಮೇ ತಿಂಗಳಲ್ಲಿ. ಕಾಯ್ದೆಯ 3ನೆಯ ಸೆಕ್ಷನ್ ಚಿಕ್ಕದು, ಆದರೆ ದೊಡ್ಡ ಬಾಗಿಲು. ಗೆಜೆಟ್ಟಿನಲ್ಲಿ ಒಂದು ಅಧಿಸೂಚನೆ ಹೊರಡಿಸಿ, ಬೇರೆ ಅಂತರರಾಷ್ಟ್ರೀಯ ಸಂಸ್ಥೆಗಳಿಗೂ ಇದೇ ರಕ್ಷಣೆ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ.

ಇಷ್ಟು ತರಾತುರಿ ಯಾಕೆ ಎಂಬುದಕ್ಕೆ ಉತ್ತರ ನಮ್ಮ ಪಿಂಪ್ರಿಯಲ್ಲೇ ಇದೆ. ಆಗ ದೇಶಕ್ಕೆ ಪೆನಿಸಿಲಿನ್ ಬೇಕಿತ್ತು, ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ವಿದ್ಯೆ ನಮ್ಮಲ್ಲಿರಲಿಲ್ಲ. ಯುನಿಸೆಫ್ ಯಂತ್ರ ಕೊಟ್ಟಿತು, ವಿಶ್ವ ಆರೋಗ್ಯ ಸಂಸ್ಥೆ ತಜ್ಞರ ನೆರವು ಕೊಟ್ಟಿತು. ಜಾಗ, ಕಟ್ಟಡ, ಕಾರ್ಮಿಕರು ನಮ್ಮವರು. 1954ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸರ್ಕಾರಿ ಕಂಪನಿಯಾಗಿ ನೋಂದಣಿಯಾಯಿತು, 1955ರಲ್ಲಿ ಪೆನಿಸಿಲಿನ್ ಹೊರಬಂತು. ದೂರದ ದೇಶದ ತಜ್ಞನೊಬ್ಬ ಪಿಂಪ್ರಿಯ ಹೊಲಗಳ ನಡುವೆ ಕೂತು "ಈ ಟ್ಯಾಂಕು ಸರಿಯಿಲ್ಲ, ಒಡೆಯಿರಿ" ಎಂದು ನಿರ್ಭಯವಾಗಿ ಬರೆಯಬೇಕಾದರೆ, ಆ ಬರವಣಿಗೆಗಾಗಿ ಯಾವ ಗುತ್ತಿಗೆದಾರನೂ ತನ್ನನ್ನು ಕೋರ್ಟಿಗೆಳೆಯಲಾರ ಎಂಬ ಧೈರ್ಯ ಬೇಕು. ಮಕ್ಕಳ ಔಷಧಿಗೆಂದು ಬಂದ ನೆರವಿನ ಯಂತ್ರ ಮುಂಬಯಿ ಬಂದರಿನಲ್ಲಿ ಸುಂಕದ ಲೆಕ್ಕಕ್ಕೆ ಸಿಕ್ಕಿಬೀಳುವುದೂ ಯಾರಿಗೂ ಬೇಡ. ಇಂಥ ಕಡೆ ವಿನಾಯಿತಿಯ ಅರ್ಥ ನೇರ.

ಅದೇ ಕಾರ್ಖಾನೆಯ ಸಂಶೋಧನಾ ವಿಭಾಗವನ್ನು ಮುಂದೆ ನಡೆಸಿದವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳಿದ್ದ ಶಿಲೀಂಧ್ರಶಾಸ್ತ್ರಜ್ಞ ಎಂ.ಜೆ. ತಿರುಮಲಾಚಾರ್. ಇಲ್ಲಿ ಪತ್ತೆಯಾದ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಔಷಧಿಯನ್ನು ಕೊಡುವ ಸೂಕ್ಷ್ಮಜೀವಿಗೆ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂದೇ ಹೆಸರು. ನಾವು ಟ್ರಾಫಿಕ್ಕಿಗಷ್ಟೇ ಬೈಯುವ ಊರಿನ ಹೆಸರು ವಿಜ್ಞಾನದ ಪುಸ್ತಕದಲ್ಲಿ ಹೀಗೆ ಕೂತಿದೆ.

ನೆರವು ಕೊಟ್ಟವರು ಕಾರ್ಖಾನೆಯನ್ನು ತಮ್ಮ ಕೈಯಲ್ಲಿ ಇಟ್ಟುಕೊಳ್ಳಲಿಲ್ಲ. ಅದರ ಬೆಲೆ ಗೊತ್ತಾದದ್ದು ಸಂಬಳದ ಜಗಳದಲ್ಲಿ. ಇಲ್ಲಿನ ಕಾರ್ಮಿಕರ ವೇತನದ ವಿವಾದ ಕೈಗಾರಿಕಾ ನ್ಯಾಯಮಂಡಳಿ ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. ನಾವು ಸರ್ಕಾರಿ ಉದ್ಯಮ, ನಮ್ಮನ್ನು ಖಾಸಗಿ ಕಂಪನಿಗಳ ತಕ್ಕಡಿಯಲ್ಲಿ ತೂಗಬೇಡಿ ಎಂಬುದು ಕಂಪನಿಯ ವಾದ. 1966ರಲ್ಲಿ ಕೋರ್ಟು ಒಪ್ಪಲಿಲ್ಲ. ಸರ್ಕಾರಿ ಉದ್ಯಮದ ಕಾರ್ಮಿಕನಿಗೂ ಖಾಸಗಿಯವನಿಗೂ ವೇತನ ನಿಗದಿಯಲ್ಲಿ ಬೇರೆ ಬೇರೆ ಅಳತೆಯಿಲ್ಲ ಎಂದಿತು. ಪಿಂಪ್ರಿಯ ಈ ತೀರ್ಪು ಕಾರ್ಮಿಕ ಕಾನೂನಿನಲ್ಲಿ ಹೆಸರು ಮಾಡಿತು.

ಈಗ ಪುಣೆಯಿಂದ ಸೊಲ್ಲಾಪುರ, ಹುಮನಾಬಾದ್ ದಾಟಿ ಹೈದರಾಬಾದಿಗೆ ಹೋಗುವ ಹೆದ್ದಾರಿ ಹಿಡಿಯಿರಿ. ನಗರ ಮುಟ್ಟುವ ಮೊದಲು ಪಟಾನ್‌ಚೆರು ಸಿಗುತ್ತದೆ. ಅಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಇದೆ. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಅಲ್ಲಿನ ಸಂಶೋಧನೆಯ ಬೆಳೆಗಳು. ನಮ್ಮ ಉತ್ತರ ಕರ್ನಾಟಕದ ಊಟದ ತಾಟೇ ಅಲ್ಲಿದೆ ಅನ್ನಬಹುದು. ಅದು ಅಂತರರಾಷ್ಟ್ರೀಯ ಸಂಸ್ಥೆಯಾಗಿಯೇ ಉಳಿಯಿತು. ಆ ವರ್ಷವೇ 3ನೆಯ ಸೆಕ್ಷನ್ನಿನಡಿ ಅದಕ್ಕೆ ವಿನಾಯಿತಿ ಸಿಕ್ಕಿತ್ತು. ಕೆಲಸ ಕಳೆದುಕೊಂಡವರು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದರು. 2003ರಲ್ಲಿ ಸುಪ್ರೀಂ ಕೋರ್ಟು, ಈ ಸಂಸ್ಥೆ ಸಂವಿಧಾನದ ಅರ್ಥದಲ್ಲಿ ‘ರಾಜ್ಯ’ ಅಲ್ಲ, ಇದರ ಮೇಲೆ ಈ ರಿಟ್ ನಡೆಯದು ಎಂದಿತು.

ಎರಡೂ ಕಡೆ ಹೊರಗಿನ ನೆರವು, ಎರಡೂ ಕಡೆ ದುಡಿದವರು ಈ ನೆಲದ ಜನ. ಒಂದು ಕಡೆ ಕೋರ್ಟಿನ ಬಾಗಿಲು ತೆರೆಯಿತು, ಇನ್ನೊಂದು ಕಡೆ ಮುಚ್ಚಿತು. ವ್ಯತ್ಯಾಸ ಕೆಲಸದಲ್ಲಿರಲಿಲ್ಲ, ದುಡಿಸಿಕೊಂಡ ಯಜಮಾನ ಯಾರು ಎಂಬುದರಲ್ಲಿತ್ತು.

ಹಾಗಾದರೆ ವಿನಾಯಿತಿಯನ್ನೇ ಕಿತ್ತುಹಾಕೋಣವೇ? ನನಗೆ ಹಾಗನಿಸುವುದಿಲ್ಲ. ಮಲೇಷ್ಯಾದ ವಕೀಲ ಪರಮ್ ಕುಮಾರಸ್ವಾಮಿ ನ್ಯಾಯಾಂಗದ ಸ್ವಾತಂತ್ರ್ಯದ ಬಗ್ಗೆ ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿದ್ದರು. 1995ರಲ್ಲಿ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನಕ್ಕಾಗಿ ಅವರದೇ ದೇಶದ ಕಂಪನಿಗಳು ಮಾನನಷ್ಟ ಮೊಕದ್ದಮೆ ಹೂಡಿದವು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1999ರಲ್ಲಿ ಅವರಿಗೆ ರಕ್ಷಣೆಯಿದೆ ಎಂದಿತು. ಆ ಗುರಾಣಿ ಇರದಿದ್ದರೆ ಸತ್ಯ ಬರೆಯುವ ತಜ್ಞರು ಎಷ್ಟು ಜನ ಉಳಿದಾರು? ಅದೇ ಅಭಿಪ್ರಾಯದಲ್ಲಿ ನ್ಯಾಯಾಲಯ ಇನ್ನೊಂದು ಮಾತನ್ನೂ ಸೇರಿಸಿತು: ಮೊಕದ್ದಮೆಯಿಂದ ವಿನಾಯಿತಿ ಬೇರೆ, ಪರಿಹಾರದ ಹೊಣೆ ಬೇರೆ.

ಆ ಎರಡನೆಯ ಮಾತೇ ಬಹಳ ಸಲ ಕಾಗದದಲ್ಲಿ ಉಳಿಯುತ್ತದೆ. ಗುಜರಾತಿನ ಮುಂದ್ರಾದಲ್ಲಿ ವಿಶ್ವಬ್ಯಾಂಕ್ ಬಳಗದ ಐ.ಎಫ್.ಸಿ. 45 ಕೋಟಿ ಡಾಲರ್ ಸಾಲ ಕೊಟ್ಟ ವಿದ್ಯುತ್ ಸ್ಥಾವರದಿಂದ ನಮ್ಮ ಮೀನು, ನೀರು ಹಾಳಾಯಿತೆಂದು ಮೀನುಗಾರರೂ ರೈತರೂ ವಾಷಿಂಗ್ಟನ್ನಿಗೇ ಹೋಗಿ ಕೇಸು ಹಾಕಿದರು. ಇಂಥ ಸಂಸ್ಥೆಗೆ ಸಂಪೂರ್ಣ ವಿನಾಯಿತಿ ಇಲ್ಲ ಎಂದು 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 7-1ರ ಬಹುಮತದಿಂದ ಹೇಳಿತು. ಚರಿತ್ರಾರ್ಹ ಗೆಲುವು. ಆದರೆ ಕೆಳಗಿನ ಕೋರ್ಟುಗಳು, ದೂರಿನ ತಿರುಳು ಅಮೆರಿಕದಲ್ಲಿ ನಡೆದದ್ದಲ್ಲ ಎಂಬ ಕಾರಣಕ್ಕೆ ಕೇಸನ್ನು ಮತ್ತೆ ತಳ್ಳಿಹಾಕಿದವು. 2022ರಲ್ಲಿ ಸುಪ್ರೀಂ ಕೋರ್ಟು ಮರುಪರಿಶೀಲಿಸಲು ಒಪ್ಪಲಿಲ್ಲ.

ಹುಡುಗನ ಕಥೆಗೆ ಬರುತ್ತೇನೆ. ಮಧ್ಯಸ್ಥಿಕೆಗೆ ಹೋದರೆ ಅವನಿಗೆ ಬರಬೇಕಾದ ದುಡ್ಡಿಗಿಂತ ಖರ್ಚೇ ಹೆಚ್ಚು. ಇಬ್ಬರೂ ಕೂತು ಪತ್ರ ಬರೆದೆವು: ಯಾವ ತಾರೀಖಿಗೆ ಏನು ಕಳಿಸಿದೆ, ಯಾರು ಏನು ಉತ್ತರಿಸಿದರು, ಎಲ್ಲಾ ಇಮೇಲುಗಳ ಸಮೇತ. ಮಾತುಕತೆಯ ಷರತ್ತನ್ನು ನೆನಪಿಸಿದೆವು. ಐದು ತಿಂಗಳ ಮೇಲೆ ಒಂದು ತಿಂಗಳ ಹಣ ಬಂತು. ಇನ್ನೊಂದು ತಿಂಗಳದ್ದು ಬರಲಿಲ್ಲ. "ಹೋಗಲಿ ಬಿಡ್ರಿ ಅಣ್ಣಾರ, ಪಾಠ ಆತು" ಅಂದ. ಈಗ ಬೇರೆ ಕಡೆ ಕೆಲಸದಲ್ಲಿದ್ದಾನೆ. ನನಗೆ ಮಾತ್ರ ಅದು ಹೋಗಲಿ ಅನಿಸಿಲ್ಲ.

ಇಂಥ ಕರಾರಿಗೆ ಸಹಿ ಮಾಡುವ ಹುಡುಗರು ನಮ್ಮ ನಡುವೆ ಹೆಚ್ಚುತ್ತಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟು: ಸಂಬಳದ ಅಂಕಿ ಓದಿದ ಮೇಲೆ ಕೊನೆಯ ಪುಟವನ್ನೂ ಓದಿ, ಪ್ರತಿ ಹಂತದ ಕೆಲಸಕ್ಕೆ ಲಿಖಿತ ಒಪ್ಪಿಗೆ ಪಡೆಯಿರಿ, ಬಾಕಿ ಬೆಳೆಯಲು ಬಿಡಬೇಡಿ. ಇನ್ನು, ವಿನಾಯಿತಿ ಕೊಡುವ ಅಧಿಸೂಚನೆ ಹೊರಡಿಸುವಾಗ ಅಲ್ಲಿ ದುಡಿಯುವವರು ಕಡಿಮೆ ಖರ್ಚಿನಲ್ಲಿ ತಲುಪಬಲ್ಲ ಒಂದು ಪಂಚಾಯ್ತಿ ಕಟ್ಟೆಯನ್ನೂ ಅದರ ಜೊತೆಗೇ ಕಡ್ಡಾಯ ಮಾಡಬೇಕು ಎಂದು ಸರ್ಕಾರವನ್ನು ಕೇಳುವುದು ನಮ್ಮೆಲ್ಲರ ಕೆಲಸ.

ನಿನ್ನೆಯೂ ಎಚ್.ಎ. ಕಾಲೊನಿಯ ರಸ್ತೆಯಲ್ಲೇ ನಡೆದು ಬಂದೆ. ನೆರವು ಕೊಟ್ಟು, ವಿದ್ಯೆ ಕಲಿಸಿ, ಕೀಲಿಕೈ ಮನೆಯವರ ಕೈಗಿತ್ತು ಹೋದ ಅತಿಥಿಗಳ ಊರು ಇದು. ಅದಕ್ಕೇ ಇಲ್ಲಿನ ಕೂಲಿಯವನಿಗೆ ತನ್ನ ಕೂಲಿಯ ಲೆಕ್ಕ ಕೇಳಲು ಒಂದು ಬಾಗಿಲಿತ್ತು.