ಹಾಜರಿ ಹಾಕುವ ಕೆಲಸ ಯಂತ್ರಕ್ಕೆ ಹೋದರೆ ಎಚ್.ಆರ್. ನೌಕರಿ ಉಳಿಯುವುದೇ?

ಕೆಲಸಕ್ಕೆ ಜನರನ್ನು ಸೇರಿಸಿಕೊಳ್ಳುವುದು, ಹಾಜರಿ ಇಡುವುದು, ಸಂಬಳದ ಲೆಕ್ಕ ಹಾಕುವುದು, ರಜೆ ಕೊಡುವುದು, ಜಗಳ ಬಂದರೆ ಬಿಡಿಸುವುದು, ಕೊನೆಗೆ ಕೆಲಸದಿಂದ ತೆಗೆಯುವುದು. ಕಂಪನಿಗಳಲ್ಲಿ ಇಷ್ಟನ್ನೂ ನೋಡಿಕೊಳ್ಳುವ ವಿಭಾಗಕ್ಕೆ ಮಾನವ ಸಂಪನ್ಮೂಲ ವಿಭಾಗ, ಚಿಕ್ಕದಾಗಿ ಎಚ್.ಆರ್. ಎಂದು ಹೆಸರು. ಈ ಕೆಲಸಗಳನ್ನು ಕಂಪ್ಯೂಟರ್ ಮತ್ತು ಕೃತಕ ಬುದ್ಧಿಮತ್ತೆ ಕಸಿದುಕೊಳ್ಳುತ್ತವೆಯೇ ಎಂಬ ಪ್ರಶ್ನೆ ಬೆಂಗಳೂರು, ಹೈದರಾಬಾದುಗಳಲ್ಲಿ ಕೇಳಿಬರುತ್ತಿದೆ. ಆದೋನಿ, ಆಲೂರು, ಮಂತ್ರಾಲಯ ಭಾಗದ ಹಳ್ಳಿಗಳಿಗೆ ಈ ಪ್ರಶ್ನೆ ಹೊಸದಲ್ಲ. ಎಚ್.ಆರ್. ಎಂಬ ಹೆಸರು ಇಲ್ಲದಿದ್ದರೂ ಆ ಕೆಲಸ ಇಲ್ಲಿ ಮೊದಲಿನಿಂದ ಇದೆ. ಅದಕ್ಕೆ ಯಂತ್ರ ಬಂದು ಹದಿನೈದು ವರ್ಷಗಳೇ ಕಳೆದಿವೆ.

ಊರಿನ ಎಚ್.ಆರ್. ಯಾರು?

ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗ ಮಳೆಯನ್ನು ನಂಬಿದ ಪ್ರದೇಶ. ಹತ್ತಿ ಇಲ್ಲಿನ ಮುಖ್ಯ ಬೆಳೆ, ಆದೋನಿ ಮಾರುಕಟ್ಟೆ ಹತ್ತಿಗೇ ಹೆಸರಾದದ್ದು. ಊರಲ್ಲಿ ಕೆಲಸ ಸಿಗದಾಗ ಕೋಸಿಗಿ, ಕೌತಾಳಂ, ಪೆದ್ದಕಡಬೂರು ಕಡೆಯ ಕುಟುಂಬಗಳು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ಬೆಂಗಳೂರು, ಹೈದರಾಬಾದಿನ ಕಟ್ಟಡ ಕೆಲಸಗಳಿಗೆ ಗುಳೆ ಹೋಗುತ್ತವೆ. ಇವರನ್ನು ಒಟ್ಟುಗೂಡಿಸುವವನು ಮೇಸ್ತ್ರಿ. ಮುಂಗಡ ಕೊಡುವುದು, ಗಾಡಿ ಗೊತ್ತು ಮಾಡುವುದು, ಆಳಿನ ಲೆಕ್ಕ ಇಡುವುದು, ಕೂಲಿ ಹಂಚುವುದು ಎಲ್ಲವೂ ಅವನದೇ. ಕಂಪನಿಯ ಭಾಷೆಯಲ್ಲಿ ಹೇಳುವುದಾದರೆ ನೇಮಕಾತಿ, ಹಾಜರಿ, ಸಂಬಳ ಮೂರೂ ಒಬ್ಬನ ಕೈಯಲ್ಲಿ.

ಸರ್ಕಾರದ ಕಡೆಯಿಂದ ಇಂಥದೇ ಕೆಲಸ ಮಾಡಿದವರು ಉದ್ಯೋಗ ಖಾತ್ರಿ ಯೋಜನೆಯ ಮೇಟ್ ಮತ್ತು ಫೀಲ್ಡ್ ಅಸಿಸ್ಟೆಂಟ್. ಗಡಿಯ ಆಚೆ ಉದ್ಯೋಗ ಖಾತ್ರಿ ಎನ್ನುವುದಕ್ಕೆ ಈಚೆ ಉಪಾಧಿ ಹಾಮಿ ಎನ್ನುತ್ತಾರೆ. 2006ರ ಫೆಬ್ರವರಿ 2ರಂದು ಪಕ್ಕದ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಈ ಯೋಜನೆಗೆ ಚಾಲನೆ ಸಿಕ್ಕಿತು. ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಆಗ ಕಾಗದದ ಮಸ್ಟರ್ ರೋಲ್‌ನಲ್ಲಿ ಬರೆಯುತ್ತಿದ್ದರು. ಕೆಲಸಕ್ಕೆ ಬಾರದವರ ಹೆಸರು ಬರೆದು ಹಣ ಎತ್ತುವುದಕ್ಕೂ ಇದೇ ದಾರಿಯಾಗುತ್ತಿತ್ತು.

ಮೊದಲ ಯಂತ್ರ: ಸ್ಮಾರ್ಟ್ ಕಾರ್ಡ್

ಈ ಸೋರಿಕೆ ತಡೆಯಲು ಅಂದಿನ ಅವಿಭಜಿತ ಆಂಧ್ರಪ್ರದೇಶ ಸರ್ಕಾರ ಬೆರಳಚ್ಚು ಆಧಾರಿತ ಸ್ಮಾರ್ಟ್ ಕಾರ್ಡ್ ತಂದಿತು. ಕರ್ನೂಲು ಸೇರಿದಂತೆ 8 ಜಿಲ್ಲೆಗಳಲ್ಲಿ ಇದರ ಪರಿಣಾಮವನ್ನು ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್, ಸಂದೀಪ್ ಸುಖಟಣಕರ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಕೂಲಿ ಪಡೆಯಲು ಹಿಡಿಯುವ ಸಮಯ ಪ್ರತಿ ಸಲ ಸುಮಾರು 22 ನಿಮಿಷ ಕಡಿಮೆಯಾಗಿತ್ತು. ಕೂಲಿ ಕೆಲವು ದಿನ ಮೊದಲೇ ಕೈಸೇರುತ್ತಿತ್ತು. ಸೋರಿಕೆಯೂ ಇಳಿದಿತ್ತು.

ಇಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಯಂತ್ರವನ್ನು ಹಿಡಿದು ಊರಲ್ಲೇ ಕೂಲಿ ಕೊಡಲು ಅದೇ ಊರಿನ, ಸ್ವಸಹಾಯ ಸಂಘದ ಮಹಿಳೆಯರನ್ನು ನೇಮಿಸಬೇಕೆಂಬ ನಿಯಮವಿತ್ತು. ಅಂದರೆ ಯಂತ್ರದ ಜತೆಗೆ ಒಂದು ಹೊಸ ಕೆಲಸವೂ ಹುಟ್ಟಿತು. ಎರಡನೆಯದಾಗಿ, ಕಾರ್ಡ್ ಇಲ್ಲದವರಿಗೆ ಹಳೆಯ ವಿಧಾನದಲ್ಲಿ ಕೂಲಿ ಕೊಡುವುದು ನಿಂತಿರಲಿಲ್ಲ. ಯಂತ್ರ ಒಪ್ಪದಿದ್ದರೂ ದುಡಿದವರಿಗೆ ಇನ್ನೊಂದು ಬಾಗಿಲು ತೆರೆದಿತ್ತು.

ಎರಡನೆಯ ಯಂತ್ರ: ಫೋಟೋ ಹಾಜರಿ

2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಎನ್.ಎಂ.ಎಂ.ಎಸ್. ಎಂಬ ಮೊಬೈಲ್ ಆಪ್ ಆರಂಭಿಸಿತು. ಕೆಲಸದ ಜಾಗದಲ್ಲೇ ದಿನಕ್ಕೆ ಎರಡು ಬಾರಿ ಕೂಲಿಕಾರರ ಫೋಟೋ ತೆಗೆದು, ಸ್ಥಳದ ಗುರುತಿನೊಂದಿಗೆ ಕಳುಹಿಸಬೇಕು. 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿಗಳ ಕಾಮಗಾರಿ ಬಿಟ್ಟು ಉಳಿದೆಲ್ಲ ಕಡೆ ಇದು ಕಡ್ಡಾಯವಾಯಿತು. ಮಸ್ಟರ್ ರೋಲ್ ಬರೆಯುವ ಕೆಲಸ ಹೋಯಿತು, ಸುಳ್ಳು ಹಾಜರಿಯೂ ಹೋಗುತ್ತದೆ ಎಂದು ನಿರೀಕ್ಷಿಸಲಾಗಿತ್ತು.

2025ರ ಜುಲೈ 8ರಂದು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಹೊರಡಿಸಿದ ಸುತ್ತೋಲೆ ಬೇರೆಯದೇ ಚಿತ್ರ ಕೊಟ್ಟಿತು. ಕೆಲಸಕ್ಕೆ ಸಂಬಂಧವಿಲ್ಲದ ಫೋಟೋ ಹಾಕುವುದು, ಹಳೆಯ ಫೋಟೋದ ಫೋಟೋ ತೆಗೆದು ಕಳುಹಿಸುವುದು, ಫೋಟೋದಲ್ಲಿರುವ ಜನಕ್ಕೂ ಹಾಜರಿಗೂ ತಾಳೆಯಾಗದಿರುವುದು ಮೊದಲಾದ ಅಡ್ಡದಾರಿಗಳನ್ನು ಅದು ಪಟ್ಟಿ ಮಾಡಿತು. ಪರಿಹಾರವೆಂದು ಹೇಳಿದ್ದೇನು? ಗ್ರಾಮ ಪಂಚಾಯತಿ ಮಟ್ಟದಲ್ಲಿ ನೂರಕ್ಕೆ ನೂರು ಫೋಟೋಗಳನ್ನು ಸಿಬ್ಬಂದಿಯೇ ನೋಡಿ ಪರಿಶೀಲಿಸಬೇಕು. ಹಾಜರಿ ಹಾಕಲು ಯಂತ್ರ ಬಂತು, ಯಂತ್ರದ ಹಾಜರಿ ನೋಡಲು ಮತ್ತೆ ಮನುಷ್ಯರು ಬೇಕಾದರು.

ಹೆಸರು ಎರಡಾದರೆ ಮನುಷ್ಯರೂ ಇಬ್ಬರು

2024ರ ಜನವರಿ 1ರಿಂದ ಕೂಲಿಯನ್ನು ಆಧಾರ್ ಮೂಲಕವೇ ಪಾವತಿಸುವುದು ಕಡ್ಡಾಯವಾಯಿತು. ಜಾಬ್ ಕಾರ್ಡ್, ಆಧಾರ್, ಬ್ಯಾಂಕ್ ಖಾತೆ ಮೂರೂ ಹೊಂದಿಕೊಳ್ಳಬೇಕು. ಗಡಿ ಭಾಗದವರಿಗೆ ಇದರ ಕಷ್ಟ ಗೊತ್ತೇ ಇದೆ. ಕನ್ನಡ ಶಾಲೆಯ ದಾಖಲೆಯಲ್ಲಿ ಈರಣ್ಣ, ತೆಲುಗು ಪಡಿತರ ಚೀಟಿಯಲ್ಲಿ ಈರನ್ನ, ಇಂಗ್ಲಿಷಿನಲ್ಲಿ ಬರೆದಾಗ ವೀರಣ್ಣ. ತೆಲುಗಿನ ಪದ್ಧತಿಯಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಕನ್ನಡದವರು ಕೆಲವೊಮ್ಮೆ ಅದನ್ನು ಬರೆಯುವುದೇ ಇಲ್ಲ. ಊರಿನ ಫೀಲ್ಡ್ ಅಸಿಸ್ಟೆಂಟ್‌ಗೆ ಇವರೆಲ್ಲ ಒಬ್ಬನೇ ಎಂದು ಗೊತ್ತು. ಯಂತ್ರಕ್ಕೆ ಗೊತ್ತಿಲ್ಲ. ದುಡಿದ ಕೂಲಿ ಬರದಿದ್ದಾಗ ಕೇಳಬೇಕಾದುದು ಯಾರನ್ನು, ತಿದ್ದುವ ಅಧಿಕಾರ ಯಾರಿಗಿದೆ ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ.

2005ರ ಕಾಯ್ದೆಯ ಜಾಗಕ್ಕೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಗ್ರಾಮೀಣ ಉದ್ಯೋಗ ಕಾಯ್ದೆ 125 ದಿನಗಳ ಕೆಲಸದ ಮಾತಾಡುತ್ತದೆ. ಬಯೋಮೆಟ್ರಿಕ್ ಗುರುತು ಮತ್ತು ಕೃತಕ ಬುದ್ಧಿಮತ್ತೆಯ ಬಳಕೆಯನ್ನೂ ಅದರಲ್ಲೇ ಸೇರಿಸಲಾಗಿದೆ. ಹಾಗಾಗಿ ಈ ಪ್ರಶ್ನೆ ಮುಂದೆ ಇನ್ನೂ ದೊಡ್ಡದಾಗಲಿದೆ.

ಕಂಪನಿಗಳಲ್ಲಿ ಆದದ್ದೇನು?

ದೊಡ್ಡ ಕಂಪನಿಗಳ ಅನುಭವವೂ ಹೆಚ್ಚು ಭಿನ್ನವಲ್ಲ. ಐಬಿಎಂ ಮುಖ್ಯಸ್ಥ, ಆಂಧ್ರದ ಪಶ್ಚಿಮ ಗೋದಾವರಿ ಮೂಲದ ಅರವಿಂದ ಕೃಷ್ಣ, ಎಚ್.ಆರ್. ಮುಂತಾದ ಕಚೇರಿ ಕೆಲಸಗಳಲ್ಲಿ ಶೇ. 30ರಷ್ಟು ಐದು ವರ್ಷಗಳಲ್ಲಿ ಯಂತ್ರದ ಪಾಲಾಗಬಹುದೆಂದು 2023ರ ಮೇ ತಿಂಗಳಲ್ಲಿ ಹೇಳಿದ್ದರು. ಎಚ್.ಆರ್. ವಿಭಾಗದ ಇನ್ನೂರರಷ್ಟು ಜನರ ಕೆಲಸ ಯಂತ್ರಕ್ಕೆ ಹೋಗಿದೆ, ಆದರೆ ಕಂಪನಿಯ ಒಟ್ಟು ನೌಕರರ ಸಂಖ್ಯೆ ಹೆಚ್ಚಿದೆ ಎಂದು 2025ರಲ್ಲಿ ತಿಳಿಸಿದರು.

ಅಮೆಜಾನ್ ಕಂಪನಿ ಅರ್ಜಿಗಳನ್ನು ತಾನೇ ಆರಿಸುವ ತಂತ್ರಾಂಶವನ್ನು 2014ರಿಂದ ತಯಾರಿಸತೊಡಗಿತ್ತು. ಹತ್ತು ವರ್ಷಗಳ ಹಳೆಯ ಅರ್ಜಿಗಳಿಂದ ಕಲಿತ ಆ ತಂತ್ರಾಂಶ, ಅವುಗಳಲ್ಲಿ ಗಂಡಸರೇ ಹೆಚ್ಚಿದ್ದ ಕಾರಣ, ಹೆಂಗಸರ ಅರ್ಜಿಗಳನ್ನು ಕೆಳಗೆ ತಳ್ಳತೊಡಗಿತು. ಕಂಪನಿ ಅದನ್ನು ಕೈಬಿಟ್ಟ ಸುದ್ದಿ 2018ರಲ್ಲಿ ಹೊರಬಂತು.

ಕಾನೂನು ಏನು ಹೇಳುತ್ತದೆ?

1948ರ ಕಾರ್ಖಾನೆ ಕಾಯ್ದೆಯಲ್ಲಿ 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಇರಲೇಬೇಕೆಂಬ ನಿಯಮವಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಈ ಮಿತಿಯನ್ನು 250ಕ್ಕೆ ಇಳಿಸಿದೆ. ಕಾರ್ಮಿಕರ ಕಷ್ಟ ಕೇಳಲು ಒಬ್ಬ ಅಧಿಕಾರಿ ಇರಬೇಕೆಂಬ ತತ್ವವನ್ನು ಕಾನೂನು ಬಿಟ್ಟಿಲ್ಲ.

ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ?

* ಹೋಗುವುವು: ಹಾಜರಿ ಬರೆಯುವುದು, ರಜೆ ಲೆಕ್ಕ, ಸಂಬಳದ ಚೀಟಿ, ಅರ್ಜಿಗಳ ಮೊದಲ ಸುತ್ತಿನ ಆಯ್ಕೆ.
* ಉಳಿಯುವುವು: ದೂರು ಕೇಳುವುದು, ತಪ್ಪು ತಿದ್ದುವುದು, ರಾಜಿ ಮಾಡಿಸುವುದು, ಕಾರ್ಮಿಕ ಕಾನೂನಿನ ಪಾಲನೆ, ಯಂತ್ರದ ಆಯ್ಕೆ ಸರಿಯೇ ಎಂದು ನೋಡುವುದು.

ಎಚ್.ಆರ್. ಓದಬೇಕೆಂದಿರುವ ಗಡಿ ಭಾಗದ ಯುವಕ ಯುವತಿಯರು ಸಂಬಳ ತಂತ್ರಾಂಶವೊಂದನ್ನೇ ನಂಬದೆ ಕಾರ್ಮಿಕ ಕಾನೂನನ್ನೂ ಕಲಿಯುವುದು ಒಳಿತು. ಕನ್ನಡ, ತೆಲುಗು ಎರಡರಲ್ಲೂ ಮಾತಾಡಿ ಕೂಲಿಕಾರರ ದೂರು ಕೇಳಬಲ್ಲವರಿಗೆ ಬಳ್ಳಾರಿ, ಬೆಂಗಳೂರು, ಹೈದರಾಬಾದುಗಳಲ್ಲಿ ಈ ಭಾಷೆಗಳೇ ಬಂಡವಾಳ.

ಕೂಲಿಕಾರರು ಆಧಾರ್, ಜಾಬ್ ಕಾರ್ಡ್, ಬ್ಯಾಂಕ್ ಪುಸ್ತಕಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳಬೇಕು. ಗುಳೆ ಹೋದ ಊರಿನಲ್ಲಿ ಹೊಸ ಖಾತೆ ತೆರೆದು ಆಧಾರ್ ಜೋಡಿಸಿದರೆ, ಆಧಾರ್ ಮೂಲಕ ಬರುವ ಹಣ ಕೊನೆಗೆ ಜೋಡಿಸಿದ ಆ ಖಾತೆಗೇ ಹೋಗುತ್ತದೆ. ದುಡಿದ ದಿನಗಳನ್ನು ತಮ್ಮದೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಹಾಜರಿ ಮೊಬೈಲಿನಲ್ಲಿದ್ದರೂ ದೂರು ಕೊಡುವ ದಿನ ಕೆಲಸಕ್ಕೆ ಬರುವುದು ಆ ಪುಸ್ತಕವೇ.