ಬಾಲದ ಜಾಗದಲ್ಲಿ ಕಾಲು: ಒಂದು ಹಳೆಯ ಪ್ರಶ್ನೆಯ ಚರಿತ್ರೆ

ಮೇವು ಕತ್ತರಿಸುವ ಮಿಷನ್‌ಗೆ ಕೈ ಸಿಕ್ಕಿದ ಸುದ್ದಿಯನ್ನು ನಾನು ವರ್ಷಕ್ಕೆ ಮೂರ್ನಾಲ್ಕು ಸಲ ಬರೆಯುತ್ತೇನೆ. ಪುಟದ ಮೂಲೆಯಲ್ಲಿ ನಾಲ್ಕು ಸಾಲು, ಅಷ್ಟೇ. ಅಂಥ ಒಂದು ಸಲ ಆಸ್ಪತ್ರೆಯ ಜಗುಲಿಯಲ್ಲಿ ಗಾಯಗೊಂಡ ಹುಡುಗನ ಅಜ್ಜಿ ಕೇಳಿದರು: "ಅಲ್ಲ ಕಣಪ್ಪ, ಹಲ್ಲಿಗೆ ಬಾಲ ಮತ್ತೆ ಬತ್ತದೆ, ನನ್ನ ಮೊಮ್ಮಗನಿಗೆ ಎರಡು ಬೆರಳು ಯಾಕೆ ಬರಾಕಿಲ್ಲ?"

ನನ್ನಲ್ಲಿ ಉತ್ತರ ಇರಲಿಲ್ಲ. ಆಮೇಲೆ ಓದುತ್ತ ಹೋದಾಗ ತಿಳಿಯಿತು, ಅಜ್ಜಿಯ ಪ್ರಶ್ನೆಗೆ ಮುನ್ನೂರು ವರ್ಷಗಳ ಚರಿತ್ರೆ ಇದೆ. ಅದರ ಎರಡು ಮುಖ್ಯ ಅಧ್ಯಾಯಗಳು ನಡೆದದ್ದು ನಮ್ಮದೇ ದೇಶದ ಜೈಪುರ ಮತ್ತು ಭುವನೇಶ್ವರದಲ್ಲಿ.

ಮೊದಲ ಅಧ್ಯಾಯ ಮೀನುಗಾರರದು. ಏಡಿ, ಕ್ರೇಫಿಶ್‌ಗಳ ಮುರಿದ ಕಾಲು ಮತ್ತೆ ಬೆಳೆಯುತ್ತದೆ ಎಂದು ನೀರಿನ ಜೊತೆ ಬದುಕುವವರು ಹೇಳುತ್ತಲೇ ಇದ್ದರು. ಓದಿದವರು ಅದನ್ನು ಕಟ್ಟುಕಥೆ ಎಂದುಕೊಂಡಿದ್ದರು. 1712ರಲ್ಲಿ ಫ್ರಾನ್ಸ್‌ನ ರೋಮ್ಯೂರ್ ತಾನೇ ಕಾಲು ಕತ್ತರಿಸಿ, ಕಾದು ನೋಡಿ, ಮೀನುಗಾರರ ಮಾತು ನಿಜ ಎಂದು ಬರೆದ. 1740ರಲ್ಲಿ ಹೇಗ್ ನಗರದ ಬಳಿ ಶ್ರೀಮಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದ ಅಬ್ರಹಾಂ ಟ್ರೆಂಬ್ಲಿ, ನೀರಿನಲ್ಲಿ ಸಿಕ್ಕ ಪುಟ್ಟ ಹೈಡ್ರಾವನ್ನು ಎರಡು ತುಂಡು ಮಾಡಿದ. ಅದು ಗಿಡವೋ ಪ್ರಾಣಿಯೋ ಎಂದು ತಿಳಿಯುವುದು ಅವನ ಉದ್ದೇಶ. ಎರಡೂ ತುಂಡುಗಳು ಒಂದೊಂದು ಪೂರ್ತಿ ಹೈಡ್ರಾ ಆದವು. 1768ರಲ್ಲಿ ಇಟಲಿಯ ಸ್ಪಲ್ಲಾಂಜಾನಿ ಸಲಮಾಂಡರ್ ತನ್ನ ಕಾಲನ್ನೇ ಮತ್ತೆ ಬೆಳೆಸಿಕೊಳ್ಳುವುದನ್ನು ತೋರಿಸಿದ. ಸಲಮಾಂಡರ್‌ಗೆ ನಮ್ಮ ಹಾಗೆ ಮೂಳೆ, ಸ್ನಾಯು, ನರ ಎಲ್ಲ ಇವೆ. ಹಾಗಾಗಿ ಪ್ರಶ್ನೆ ಮನುಷ್ಯನ ಮನೆಬಾಗಿಲಿಗೇ ಬಂತು.

ಇಲ್ಲೊಂದು ಒಗಟು ಇದೆ. ಸಲಮಾಂಡರ್‌ನ ಕಾಲು ತುಂಡಾದಾಗ ಗಾಯದ ತುದಿಯಲ್ಲಿ ಜೀವಕೋಶಗಳು ಸೇರಿ ಒಂದು ಮೊಗ್ಗು ಕಟ್ಟುತ್ತದೆ. ಅದಕ್ಕೆ ಬ್ಲಾಸ್ಟೆಮಾ ಎನ್ನುತ್ತಾರೆ. ಮಣಿಕಟ್ಟಿನಲ್ಲಿ ಕತ್ತರಿಸಿದರೆ ಆ ಮೊಗ್ಗಿನಿಂದ ಅಂಗೈ ಮಾತ್ರ ಬರುತ್ತದೆ. ಭುಜದಲ್ಲಿ ಕತ್ತರಿಸಿದರೆ ಪೂರ್ತಿ ತೋಳು ಬರುತ್ತದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ತಾನು ಎಲ್ಲಿದ್ದೇನೆ, ಎಷ್ಟು ಹೋಗಿದೆ ಎಂದು ಆ ಕೋಶಕ್ಕೆ ಹೇಳುವವರು ಯಾರು? ಪ್ರತಿ ಕೋಶಕ್ಕೂ ದೇಹದೊಳಗೆ ಒಂದು ವಿಳಾಸ ಇರುತ್ತದೆ, ಸುತ್ತಲಿನ ಸಂಕೇತಗಳಿಂದ ಅದು ತಿಳಿಯುತ್ತದೆ ಎಂದು 1969ರಲ್ಲಿ ಲೂಯಿಸ್ ವೋಲ್ಪರ್ಟ್ ವಾದಿಸಿದರು. ಆ ವಿಳಾಸವನ್ನು ಯಾವ ವಸ್ತುವಿನಲ್ಲಿ ಬರೆದಿದೆ ಎಂಬುದಕ್ಕೆ ಸುಳಿವು ಬೇಕಿತ್ತು.

ಸುಳಿವು ಸಿಕ್ಕಿದ್ದು ಜೈಪುರದಲ್ಲಿ. ನಿಯಾಜಿ ಮತ್ತು ಸಕ್ಸೇನಾ ಎಂಬ ಸಂಶೋಧಕರು ನೆಲಗಪ್ಪೆಯ ಮರಿಗಳ ಹಿಂಗಾಲು ಕತ್ತರಿಸಿ, ಅವುಗಳನ್ನು ವಿಟಮಿನ್ ಎ ಬೆರೆಸಿದ ನೀರಿನಲ್ಲಿ ಬಿಟ್ಟರು. ಹೋದಷ್ಟೇ ಬೆಳೆಯಬೇಕಿದ್ದ ಜಾಗದಲ್ಲಿ ಹೋದದ್ದಕ್ಕಿಂತ ಹೆಚ್ಚು ಬೆಳೆಯಿತು. 1978ರಲ್ಲಿ ಅದನ್ನು ಪ್ರಕಟಿಸಿದರು. 1982ರಲ್ಲಿ ಇಂಗ್ಲೆಂಡಿನ ಮಾಲ್ಕಂ ಮೇಡನ್ ಆಕ್ಸೊಲಾಟಲ್ ಎಂಬ ಮೆಕ್ಸಿಕೋದ ಸಲಮಾಂಡರ್‌ನಲ್ಲಿ ಇಂಥದ್ದನ್ನೇ ಕಂಡರು. ಮಣಿಕಟ್ಟಿನ ತುಂಡಿನಿಂದ ಇಡೀ ತೋಳು ಮೂಡಿತ್ತು. ವಿಟಮಿನ್ ಎ ಕೋಶದ ವಿಳಾಸವನ್ನೇ ಬದಲಿಸುತ್ತಿತ್ತು.

ಎಲ್ಲಕ್ಕಿಂತ ವಿಚಿತ್ರವಾದದ್ದು ಭುವನೇಶ್ವರದಲ್ಲಿ ಕಂಡಿತು. ಅಲ್ಲಿನ ಉತ್ಕಲ ವಿಶ್ವವಿದ್ಯಾಲಯದ ಪ್ರಿಯಂಬದಾ ಮೊಹಾಂತಿ ಹೆಜ್ಮಾಡಿ ಪ್ರಾಣಿಶಾಸ್ತ್ರಜ್ಞೆ, ಜೊತೆಗೆ ಹೆಸರಾಂತ ಒಡಿಸ್ಸಿ ನರ್ತಕಿ. ಅವರೂ ಸಹೋದ್ಯೋಗಿಗಳಾದ ದತ್ತ ಮತ್ತು ಮಹಾಪಾತ್ರ ಅವರೂ ಆರಿಸಿಕೊಂಡದ್ದು ಯುಪೆರೋಡಾನ್ ಸಿಸ್ಟೋಮಾ ಎಂಬ ಕಪ್ಪೆಯನ್ನು. ಇದು ಮೈ ಉಬ್ಬಿಸಿಕೊಳ್ಳುವ ದುಂಡು ಕಪ್ಪೆ. ಬೇಸಿಗೆಯಲ್ಲಿ ಮಣ್ಣೊಳಗೆ ಹುದುಗಿರುತ್ತದೆ, ಮಳೆ ಬಿದ್ದಾಗ ಮೇಲೆ ಬಂದು ನಿಂತ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಕರ್ನಾಟಕದ ಹೊಲಗಳಲ್ಲೂ ಇದೆ. ಇದರ ಮರಿಗಳ ಬಾಲ ಕತ್ತರಿಸಿ ವಿಟಮಿನ್ ಎ ಕೊಟ್ಟಾಗ ಬಾಲದ ಜಾಗದಲ್ಲಿ ಬಾಲ ಬರಲಿಲ್ಲ. ಕಾಲುಗಳು ಬಂದವು! 1992ರಲ್ಲಿ ನೇಚರ್ ಪತ್ರಿಕೆ ಅದನ್ನು ಪ್ರಕಟಿಸಿತು. ಮರುವರ್ಷ ಮೇಡನ್ ಯುರೋಪಿನ ಕಪ್ಪೆಯಲ್ಲೂ ಅದನ್ನೇ ಕಂಡರು.

ಮುಂದಿನದು ಕಾರಣ ಹುಡುಕುವ ಕೆಲಸ. ದೇಹದೊಳಗೆ ವಿಟಮಿನ್ ಎ ರೆಟಿನಾಯಿಕ್ ಆಮ್ಲವಾಗುತ್ತದೆ. ಅದು ಕೋಶದ ನ್ಯೂಕ್ಲಿಯಸ್ ಒಳಗೆ ಹೋಗಿ ಕೆಲವು ಜೀನ್‌ಗಳನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ. 2002ರಲ್ಲಿ ಲಂಡನ್ನಿನ ಜೆರೆಮಿ ಬ್ರಾಕ್ಸ್ ತಂಡ ಕೋಶದ ಹೊರಮೈಯಲ್ಲಿ ಪ್ರಾಡ್1 ಎಂಬ ಪ್ರೋಟೀನ್ ಕಂಡುಹಿಡಿಯಿತು. ಭುಜದ ಕಡೆ ಅದು ಹೆಚ್ಚು, ಬೆರಳ ಕಡೆ ಕಡಿಮೆ. 2025ರಲ್ಲಿ ಬಾಸ್ಟನ್‌ನ ಜೇಮ್ಸ್ ಮೋನಘನ್ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆಕ್ಸೊಲಾಟಲ್‌ನ ಕೈತುದಿಯಲ್ಲಿ ಈ ಆಮ್ಲವನ್ನು ಒಡೆಯುವ ಕಿಣ್ವ ಹೆಚ್ಚಿರುತ್ತದೆ, ಆಮ್ಲ ಕಡಿಮೆಯಾದದ್ದರಿಂದಲೇ ಕೋಶ ತಾನು ಕೈತುದಿ ಎಂದು ತಿಳಿಯುತ್ತದೆ ಎಂದು ತೋರಿಸಿತು. ಜೈಪುರದ ಪ್ರಕಟಣೆಯಿಂದ ಇಲ್ಲಿಗೆ 47 ವರ್ಷ.

ಈಗ ವಿಳಾಸಗಳನ್ನೆಲ್ಲ ಒಟ್ಟಿಗೆ ಓದುವ ವಿದ್ಯೆಯೂ ಬಂದಿದೆ. ಹಿಂದೆ ಅಂಗಾಂಶವನ್ನು ಅರೆದು ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುತ್ತಿದ್ದರು. ಊರಿನ ಪಹಣಿಗಳೆಲ್ಲ ಕೈಯಲ್ಲಿದ್ದು ಗ್ರಾಮನಕ್ಷೆ ಇಲ್ಲದಿದ್ದರೆ ಹೇಗೋ ಹಾಗೆ: ಯಾರದು ಎಂದು ಗೊತ್ತು, ಎಲ್ಲಿದೆ ಎಂದು ಗೊತ್ತಿಲ್ಲ. 2016ರಲ್ಲಿ ಸ್ಟಾಕ್‌ಹೋಮ್‌ನ ವಿಜ್ಞಾನಿಗಳು ಅಂಗಾಂಶದ ತೆಳು ಪದರವನ್ನು ಗುರುತು ಹಾಕಿದ ಗಾಜಿನ ಮೇಲಿಟ್ಟು, ಪ್ರತಿ ಚುಕ್ಕೆಯಲ್ಲಿ ಯಾವ ಜೀನ್ ಎದ್ದಿದೆ ಎಂದು ಓದಿದರು. ಸ್ಪೇಷಿಯಲ್ ಟ್ರಾನ್ಸ್‌ಕ್ರಿಪ್ಟೋಮಿಕ್ಸ್ ಎಂದರೆ ಇದೇ, ಪಹಣಿಯ ಜೊತೆಗೆ ನಕ್ಷೆ. 2022ರಲ್ಲಿ ಚೀನಾದ ತಂಡವೊಂದು ಇಂಥದೇ ನಕ್ಷೆಯಿಂದ ಆಕ್ಸೊಲಾಟಲ್‌ನ ಗಾಯಗೊಂಡ ಮೆದುಳು ಹೇಗೆ ಕೂಡಿಕೊಳ್ಳುತ್ತದೆ ಎಂದು ತೋರಿಸಿತು.

ಅಜ್ಜಿಗೆ ಇವತ್ತು ಏನು ಹೇಳಲಿ? ಮನುಷ್ಯರಲ್ಲೂ ಸ್ವಲ್ಪ ಉಳಿದಿದೆ. ಕೊನೆಯ ಗೆಣ್ಣಿನ ಆಚೆ ತುಂಡಾದ ಮಕ್ಕಳ ಬೆರಳ ತುದಿ ಹೊಲಿಗೆ ಹಾಕದೆ ಬಿಟ್ಟರೆ ಮತ್ತೆ ಬೆಳೆಯಬಲ್ಲದು ಎಂದು 1974ರಲ್ಲೇ ಶೆಫೀಲ್ಡ್‌ನ ವೈದ್ಯೆ ಇಲ್ಲಿಂಗ್‌ವರ್ತ್ ದಾಖಲಿಸಿದ್ದರು. ಅದಕ್ಕಿಂತ ಮೇಲೆ ಹೋದರೆ ನಮ್ಮ ದೇಹ ಮೊಗ್ಗು ಕಟ್ಟುವ ಬದಲು ಕಲೆ ಕಟ್ಟಿ ಗಾಯ ಮುಚ್ಚುತ್ತದೆ. ವಿಟಮಿನ್ ಎ ಮಾತ್ರೆ ನುಂಗಿದರೆ ಬೆರಳು ಬರುವುದಿಲ್ಲ. ಅತಿಯಾದರೆ ವಿಷ, ಬಸುರಿಯರ ಕೂಸಿಗಂತೂ ಅಪಾಯ. ಯಾರಾದರೂ ಅಂಥ ಔಷಧ ಮಾರಲು ಬಂದರೆ ನಂಬಬೇಡಿ.

ಆ ಹುಡುಗನಿಗೆ ಬೆರಳು ಬರುವುದಿಲ್ಲ. ಆದರೆ ಅಜ್ಜಿ ಕೇಳಿದ್ದು ದಡ್ಡ ಪ್ರಶ್ನೆಯಲ್ಲ. ಮೀನುಗಾರರು ಹೇಳಿದ್ದೂ ದಡ್ಡ ಮಾತಾಗಿರಲಿಲ್ಲ. ಮುಂದಿನ ಸಲ ಆ ನಾಲ್ಕು ಸಾಲು ಬರೆಯುವಾಗ ಮಿಷನ್‌ಗೆ ರಕ್ಷಣಾ ಕವಚ ಇತ್ತೋ ಇಲ್ಲವೋ ಎಂದು ಐದನೆಯ ಸಾಲು ಬರೆಯುತ್ತೇನೆ. ಸದ್ಯಕ್ಕೆ ಬೆರಳು ಉಳಿಸುವ ವಿದ್ಯೆ ಅದೊಂದೇ.