ಮಾತಿನ ಹಿಂದಿನ ಭಾವ: ಭಾಷಾ ಸಮಿತಿಯಿಂದ ಕ್ಷಮಾವಣಿಯವರೆಗೆ

ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ಅದರ ಬೆನ್ನಿಗೇ, ಬಹುಳ ಪಾಡ್ಯದಂದು ಕ್ಷಮಾವಣಿ. ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ದಿಗಂಬರ, ಶ್ವೇತಾಂಬರ ಕುಟುಂಬಗಳೆರಡೂ ವಾಸಿಸುತ್ತವೆ. ಹಾಗಾಗಿ ಸಂವತ್ಸರಿಯ ‘ಮಿಚ್ಛಾಮಿ ದುಕ್ಕಡಂ’, ಕ್ಷಮಾವಣಿಯ ‘ಉತ್ತಮ ಕ್ಷಮಾ’ ಎರಡೂ ನಮ್ಮ ಮೊಬೈಲಿಗೆ ಬರುತ್ತವೆ. ಒಂದೇ ಸಂದೇಶವನ್ನು ಇನ್ನೂರು ಜನರಿಗೆ ಕಳುಹಿಸುತ್ತೇವೆ. ಆದರೆ ಆಸ್ತಿಯ ವಿಚಾರಕ್ಕೆ ಮಾತು ಬಿಟ್ಟ ಅಣ್ಣನಿಗೆ ಮಾತ್ರ ಫೋನ್ ಮಾಡುವುದಿಲ್ಲ. ಪದ ಹೊರಟಿದೆ, ಭಾವ ಮನೆಯಲ್ಲೇ ಉಳಿದಿದೆ. ಈ ಅಂತರದ ಬಗ್ಗೆ ಜೈನ ಶಾಸ್ತ್ರಗಳು ಬಹಳ ವಿವರವಾಗಿ ಹೇಳಿವೆ.

ಮಾತೂ ಒಂದು ಕ್ರಿಯೆ

ತತ್ತ್ವಾರ್ಥಸೂತ್ರದ ಪ್ರಕಾರ ಮನ, ವಚನ, ಕಾಯ ಈ ಮೂರರ ಚಟುವಟಿಕೆಯೇ ಯೋಗ. ಕರ್ಮದ ಆಸ್ರವಕ್ಕೆ ಅದೇ ದಾರಿ. ಮಾತು ಗಾಳಿಯಲ್ಲಿ ಕರಗಿಹೋಗುವುದಿಲ್ಲ, ಆಡಿದವರಿಗೆ ಅಂಟುತ್ತದೆ. ಅಸತ್ಯವನ್ನು ನಿರ್ಣಯಿಸುವಾಗಲೂ ಶಾಸ್ತ್ರ ‘ಪ್ರಮತ್ತಯೋಗ’ವನ್ನು, ಅಂದರೆ ಕಷಾಯದಿಂದ ಕೂಡಿದ ಅಜಾಗರೂಕ ಮನಸ್ಸನ್ನು ನೋಡುತ್ತದೆ. ತಿಳಿಯದೆ ತಪ್ಪು ವಿಳಾಸ ಹೇಳಿದವನೂ ಬೇಕೆಂದೇ ದಾರಿ ತಪ್ಪಿಸಿದವನೂ ಒಂದೇ ಅಲ್ಲ. ಹಿತವಾಗಿ, ಮಿತವಾಗಿ, ಸಂಶಯಕ್ಕೆ ಎಡೆಯಿಲ್ಲದಂತೆ ಮಾತನಾಡುವುದು ಭಾಷಾ ಸಮಿತಿ. ಮಾತನ್ನು ನಿಗ್ರಹಿಸುವುದು ವಚನ ಗುಪ್ತಿ. ಇವು ಮುನಿಗಳ ಆಚಾರವಾದರೂ ಗೃಹಸ್ಥರು ತಮ್ಮ ಶಕ್ತಿಯಂತೆ ಅಭ್ಯಾಸ ಮಾಡಬಹುದು.

‘ಕೂಳು’ ಎಂಬ ಪದದ ಪಾಠ

ಶ್ರವಣಬೆಳಗೊಳದಲ್ಲಿ ಗೊಮ್ಮಟ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಕಾಲದವರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು. ಅವರ ಗೊಮ್ಮಟಸಾರಕ್ಕೆ ಕೇಶವವರ್ಣಿ 1359ರಲ್ಲಿ ಕನ್ನಡದಲ್ಲಿಯೇ ವೃತ್ತಿ ಬರೆದ. ಗೊಮ್ಮಟಸಾರ ಹತ್ತು ಬಗೆಯ ಸತ್ಯವಚನಗಳನ್ನು ಹೇಳುತ್ತದೆ. ಮೊದಲನೆಯದು ಜನಪದ ಸತ್ಯ: ಆಯಾ ನಾಡಿನವರು ಒಂದು ವಸ್ತುವನ್ನು ಯಾವ ಹೆಸರಿನಿಂದ ಕರೆಯುತ್ತಾರೋ ಅಲ್ಲಿ ಅದೇ ಸತ್ಯ. ಟೀಕೆಯಲ್ಲಿ ಬರುವ ಉದಾಹರಣೆ ಅನ್ನದ್ದು: ಅದನ್ನು ಕರ್ಣಾಟ ದೇಶದಲ್ಲಿ ಕೂಳು ಎನ್ನುತ್ತಾರೆ, ದ್ರಾವಿಡ ದೇಶದಲ್ಲಿ ಚೋರು ಎನ್ನುತ್ತಾರೆ.

ಹಳಗನ್ನಡದಲ್ಲಿ ಕೂಳು ಎಂದರೆ ಬರೀ ಅನ್ನ, ಅದರಲ್ಲಿ ತಿರಸ್ಕಾರವಿರಲಿಲ್ಲ. ಇಂದು ‘ಕೂಳಿಗೆ ದಂಡ’ ಎಂದರೆ ಕೇಳಿದವರ ಕಣ್ಣಲ್ಲಿ ನೀರು ಬರುತ್ತದೆ. ಅಕ್ಷರ ಅದೇ, ಜನ ತುಂಬಿದ ಭಾವ ಬೇರೆ. ಹಾಗೆಯೇ ‘ಊಟ ಆಯ್ತಾ?’ ಎಂಬ ಎರಡು ಪದ ತಾಯಿಯ ಬಾಯಲ್ಲಿ ಅಕ್ಕರೆ. ತಡವಾಗಿ ಬಂದ ಸೊಸೆಗೆ ಕೊಂಕಾಗಿ ಕೇಳಿದರೆ ಚುಚ್ಚು.

ವಸುರಾಜನ ಕಥೆ

ಪುರಾಣಗಳಲ್ಲಿ ಬರುವ ವಸುರಾಜನ ಕಥೆ ಒಂದೇ ಒಂದು ಪದದ ಮೇಲೆ ನಿಂತಿದೆ. ಗುರು ಕ್ಷೀರಕದಂಬನ ಶಿಷ್ಯರು ವಸು, ನಾರದ ಮತ್ತು ಗುರುಪುತ್ರ ಪರ್ವತ. ಯಜ್ಞಕ್ಕೆ ‘ಅಜ’ ಬೇಕು ಎಂದಾಗ ಪರ್ವತ ಅದನ್ನು ಆಡು ಎಂದ. ಮೊಳೆಯುವ ಶಕ್ತಿಯಿಲ್ಲದ ಹಳೆಯ ಧಾನ್ಯ ಎಂದು ಗುರುಗಳು ಹೇಳಿಕೊಟ್ಟಿದ್ದಾರೆ ಎಂದ ನಾರದ. ತೀರ್ಪು ಹೇಳಬೇಕಾದವನು ರಾಜನಾಗಿದ್ದ ವಸು. ನಾರದನ ಮಾತೇ ನಿಜವೆಂದು ಅವನಿಗೆ ಗೊತ್ತಿತ್ತು. ಆದರೆ ಗುರುಪತ್ನಿ ಮಗನನ್ನು ಉಳಿಸಿಕೊಡು ಎಂದು ಬೇಡಿದ್ದಳು, ಅವನು ಮಾತು ಕೊಟ್ಟಿದ್ದ. ಸಭೆಯಲ್ಲಿ ಪರ್ವತನೇ ಸರಿ ಎಂದ. ಆ ಸುಳ್ಳಿಗೆ ಅವನ ಸಿಂಹಾಸನ ಕುಸಿಯಿತು, ವಸು ನರಕಕ್ಕೆ ಹೋದ.

ವಸುವಿನ ಮನಸ್ಸಿನಲ್ಲಿ ಇದ್ದದ್ದು ದ್ವೇಷವಲ್ಲ, ಗುರುಪತ್ನಿಯ ಮೇಲಿನ ದಾಕ್ಷಿಣ್ಯ. ಆದರೂ ಆ ಮಾತಿನಿಂದ ಮೂಕ ಪ್ರಾಣಿಗಳ ಕೊರಳಿಗೆ ಕತ್ತಿ ಬಂತು. ‘ಒಳ್ಳೆಯ ಉದ್ದೇಶದಿಂದ ಹೇಳಿದೆ’ ಎನ್ನುವ ಮುಂಚೆ, ಆ ಒಳ್ಳೆಯದು ಯಾರಿಗೆ, ಅದರ ಬೆಲೆ ತೆರುವವರು ಯಾರು ಎಂದು ಕೇಳಿಕೊಳ್ಳಬೇಕು.

ಸುಳ್ಳಿನ ನಾಲ್ಕು ಬೇರು

ಸತ್ಯವ್ರತದ ಐದು ಭಾವನೆಗಳಲ್ಲಿ ನಾಲ್ಕು ತ್ಯಾಗಗಳು: ಕ್ರೋಧ, ಲೋಭ, ಭಯ, ಹಾಸ್ಯ. ಐದನೆಯದು ಅನುವೀಚಿ ಭಾಷಣ, ಅಂದರೆ ವಿಚಾರಿಸಿ ಆಡುವುದು. ಈ ಪಟ್ಟಿಯಲ್ಲಿ ಹಾಸ್ಯ ಇರುವುದನ್ನು ಗಮನಿಸಿ. ‘ತಮಾಷೆಗೆ ಅಂದೆ’ ಎಂಬುದನ್ನು ಶಾಸ್ತ್ರ ರಿಯಾಯಿತಿಯಾಗಿ ಕೊಟ್ಟಿಲ್ಲ.

ಗೃಹಸ್ಥರ ಸತ್ಯಾಣುವ್ರತಕ್ಕೆ ಐದು ಅತಿಚಾರಗಳು:

1. ಮಿಥ್ಯೋಪದೇಶ: ತಪ್ಪು ದಾರಿಗೆ ಎಳೆಯುವ ಸಲಹೆ.
2. ರಹೋಭ್ಯಾಖ್ಯಾನ: ಏಕಾಂತದ ಮಾತನ್ನು ಬಯಲು ಮಾಡುವುದು.
3. ಕೂಟಲೇಖಕ್ರಿಯೆ: ಸುಳ್ಳು ಬರಹ, ಖೋಟಾ ದಾಖಲೆ.
4. ನ್ಯಾಸಾಪಹಾರ: ಇಟ್ಟವನು ಮರೆತು ಕಡಿಮೆ ಕೇಳಿದಾಗ ‘ಹೌದು, ಅಷ್ಟೇ’ ಎಂದು ಉಳಿದದ್ದನ್ನು ಇಟ್ಟುಕೊಳ್ಳುವುದು.
5. ಸಾಕಾರಮಂತ್ರಭೇದ: ಮುಖಭಾವ, ಸನ್ನೆಗಳಿಂದ ಇನ್ನೊಬ್ಬರ ಅಂತರಂಗ ಊಹಿಸಿ ಅಸೂಯೆಯಿಂದ ಹೊರಗೆಡಹುವುದು.

ನಾಲ್ಕನೆಯದರಲ್ಲಿ ಆಡಿದ್ದು ಒಪ್ಪಿಗೆಯ ಮಾತು, ಮಾಡಿದ್ದು ಕಳವು. ಇಂದು ಒಬ್ಬರು ನಂಬಿ ಬರೆದ ಸಂದೇಶದ ಸ್ಕ್ರೀನ್‌ಶಾಟನ್ನು ಕುಟುಂಬದ ಗ್ರೂಪಿಗೆ ಹಾಕುವುದು ಎರಡನೆಯದಕ್ಕೆ ಸೇರುತ್ತದೆ.

ಕ್ಷಮೆ ಕೇಳುವ ಮಾತು

‘ಮಿಚ್ಛಾಮಿ ದುಕ್ಕಡಂ’ ಪ್ರಾಕೃತ. ‘ನನ್ನ ದುಷ್ಕೃತ್ಯ ಮಿಥ್ಯೆಯಾಗಲಿ’ ಎಂಬುದು ಅದರ ಅರ್ಥ. ಅದು ಪ್ರತಿಕ್ರಮಣದ ಮಾತು. ಪ್ರತಿಕ್ರಮಣವೆಂದರೆ ಮಾಡಿದ ತಪ್ಪಿನಿಂದ ಹಿಂದಿರುಗುವುದು. ಹಿಂದಿರುಗಬೇಕಾದರೆ ಎಲ್ಲಿಗೆ ಹೋಗಿದ್ದೆವು ಎಂದು ಮೊದಲು ತಿಳಿದಿರಬೇಕು. ‘ತಿಳಿದೋ ತಿಳಿಯದೆಯೋ’ ಎಂಬ ಮಾತು ತಿಳಿಯದ ತಪ್ಪುಗಳಿಗೆ ಸರಿ. ತಿಳಿದು ಮಾಡಿದ್ದನ್ನು ಬಾಯಿಬಿಟ್ಟು ಹೇಳಬೇಕು: ‘ಅಣ್ಣಾ, ಅಂದು ಎಲ್ಲರೆದುರು ನಿಮ್ಮನ್ನು ಹಾಗೆ ಅಂದದ್ದು ತಪ್ಪು. ಕ್ಷಮಿಸಿ.’

ಕೆಂಗೇರಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಒಮ್ಮೆ ಬದಲಾಯಿಸಿದರೆ ರಾಜಾಜಿನಗರ. ಈ ಕ್ಷಮಾವಣಿಗೆ ಇನ್ನೂರು ಸಂದೇಶ ಕಳುಹಿಸಿ, ತಪ್ಪೇನಿಲ್ಲ. ಆದರೆ ಯಾರ ಮನೆಗೆ ಹೋಗಲು ಕಾಲು ಹಿಂಜರಿಯುತ್ತದೋ, ಆ ಒಂದು ಮನೆಗೆ ಹೋಗಿ ಬನ್ನಿ.